ಸೆರಗಿನೊಳಗೆ ಹೋದ ಕೈ

ಸಂಜೆ ಬೋಪಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಬಾಳೆಕಾಯಿ ಹೆಚ್ಚುತ್ತಿದ್ದೆ. ಸೊನೆಯ ಒಗರು ವಾಸನೆ ಮೂಗಿಗೆ ಬಡಿಯುವಾಗಲೇ ಮಗಳು ಮೊಬೈಲ್ ಹಿಡಿದು ಬಂದಳು. ಅವಳು ನೋಡುವ ಧಾರಾವಾಹಿಯ ನಾಯಕಿ ಯಾರ ಎದುರಿಗೂ ಕೈ ತೋರಿಸುವುದಿಲ್ಲ, ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಯಾಕೆಂದು ಅಭಿಮಾನಿಗಳೆಲ್ಲ ಆನ್‌ಲೈನಿನಲ್ಲಿ ಜಗಳಾಡುತ್ತಿದ್ದಾರಂತೆ.

"ಎಲ್ಲರೂ ಸುಟ್ಟ ಗಾಯ ಅಂತಾರೆ. ನನ್ನ ಥಿಯರಿ ಬೇರೆ, ಮಮ್ಮಿ. ಕೈಗೆ ಏನೂ ಆಗಿಲ್ಲ. ಅವಳ ಸ್ವಂತ ಮನೆಯವರೇ ಯಾರೋ 'ಮುಚ್ಚು' ಅಂದಿದ್ದಾರೆ, ಬಸ್, ಅಷ್ಟೇ."

ಹೆಚ್ಚುವ ಕೈ ನಿಂತಿತು.

ನಾನು ಚಿಕ್ಕವಳಿದ್ದಾಗ ನಾವಿದ್ದ ಗೋರ್ವಾದಲ್ಲಿ ಅಪ್ಪನದು ಪುಟ್ಟ ಉಡುಪಿ ಹೋಟೆಲು. ಬಜ್ಜಿಗೆಂದು ದಿನವೂ ಬುಟ್ಟಿಗಟ್ಟಲೆ ಬಾಳೆಕಾಯಿ ಹೆಚ್ಚುತ್ತಿದ್ದವಳು ಅಮ್ಮ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಬೆರಳುಗಳಿಗೆ ಹತ್ತಿದ ಸೊನೆಯ ಕಪ್ಪು ಹೋಗುತ್ತಿರಲಿಲ್ಲ. ಒಮ್ಮೆ ನನ್ನ ಶಾಲೆಯ ವಾರ್ಷಿಕೋತ್ಸವಕ್ಕೆ ರೇಷ್ಮೆ ಸೀರೆ ಉಟ್ಟು ಬಂದಳು. ಗೆಳತಿಯರು ಎದುರಾದಾಗ ನಾನು ಪಿಸುಗುಟ್ಟಿದೆ: "ಛೀ, ಕೈ ಒಳಗಿಟ್ಕೋ ಅಮ್ಮಾ."

"ಹೌದು ಮಾರಾಯ್ತಿ, ಮರ್ತೇ ಹೋಯ್ತು," ಎಂದು ನಕ್ಕಳು.

ಅವತ್ತು ಸೆರಗಿನೊಳಗೆ ಹೋದ ಕೈ ನನ್ನ ಮದುವೆಯ ಫೋಟೋಗಳಲ್ಲೂ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಹೋಟೆಲು ಮುಚ್ಚಿ, ಬೆರಳುಗಳ ಕಪ್ಪೆಲ್ಲ ಹೋಗಿತ್ತು. ಈಗ ಅಮ್ಮನೇ ಇಲ್ಲ.

"ಹೇಗಿದೆ ನನ್ನ ಥಿಯರಿ?" ಮಗಳು ಮತ್ತೆ ಕೇಳಿದಳು.

"ಅವಳಿಗೆ ಮಗಳಿದ್ದಾಳಾ?" ಎಂದೆ.