ಪತ್ತಾರಜ್ಜ ಕರಗಿಸದ ಬಟ್ಟಲು

ಹೋದ ವಾರ ಕೊಟ್ಟೂರಿನಲ್ಲಿ ಕಾಲುಗೆಜ್ಜೆ ತೊಳೆಸಲು ಒಂದು ಅಂಗಡಿಗೆ ಹೋಗಿದ್ದೆ. ಒಳಗೆ ಯಾರೋ ಅಂಟುವಾಳದ ನೀರು ಕಾಯಿಸುತ್ತಿದ್ದರು. ಆ ವಾಸನೆಗೆ ಅಲ್ಲೇ ಕೂತುಬಿಟ್ಟೆ. ಕೂಡ್ಲಿಗಿಯಲ್ಲಿ ನಮ್ಮ ಓಣಿಯ ಪತ್ತಾರಜ್ಜನ ಅಂಗಡಿಯೂ ಹೀಗೇ ನಾರುತ್ತಿತ್ತು... ಇಪ್ಪತ್ತೈದು ವರ್ಷ ಆಗಿರಬೇಕು.

ಅಜ್ಜ ಬೆಳ್ಳಿ ಬಂಗಾರದ ಕೆಲಸದವರು. ಡ್ಯಾಮಿನ ನೀರಿಗೆ ಊರು ಮುಳುಗಿದಾಗ ಚಿಕ್ಕ ಹುಡುಗ, ತಮ್ಮ ಅಪ್ಪನ ಕೈ ಹಿಡಿದು ಕೂಡ್ಲಿಗಿಗೆ ಬಂದವರಂತೆ. ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ ಮಾಡುವುದರಲ್ಲಿ ಅವರದು ಎತ್ತಿದ ಕೈ. ಮಾತು ಕಡಿಮೆ.

ನಮ್ಮ ಮನೆಯಲ್ಲಿ ಒಂದು ಬಟ್ಟಲಿತ್ತು. ಎರಡು ಹಿಡಿಕೆ, ಮೇಲೊಂದು ಮುಚ್ಚಳ, ಹಳದಿ ಹೊಳಪು. ಮುತ್ತಜ್ಜ ಬಳ್ಳಾರಿಯಲ್ಲಿ ಗುಮಾಸ್ತರಾಗಿದ್ದಾಗ, ಇಂಗ್ಲೆಂಡಿಗೆ ವಾಪಸು ಹೊರಟ ಸಾಹೇಬನೊಬ್ಬ ಕೊಟ್ಟದ್ದು. ಸಾಹೇಬ ಅದರಲ್ಲಿ ಏನು ಕುಡಿದಿದ್ದನೋ ಎಂದು ಅಜ್ಜಿ ದೇವರ ಕೋಣೆಗೆ ಸೇರಿಸದೆ, ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಳು. ಅಪ್ಪಟ ಬಂಗಾರವೆಂದೇ ಎಲ್ಲರ ನಂಬಿಕೆ.

ಅಜ್ಜಿ ತೀರಿಕೊಂಡ ಮೇಲೆ ನನ್ನ ಮದುವೆ ಗೊತ್ತಾಯಿತು. ಬಟ್ಟಲು ಕರಗಿಸಿ ಬಳೆ ಮಾಡಿಸುವುದೆಂದು ದೊಡ್ಡಪ್ಪ ತೀರ್ಮಾನಿಸಿದರು. ಗಂಡಿನ ಕಡೆಯವರಿಗೂ ಹೇಳಿಯಾಗಿತ್ತು. ಅದನ್ನು ಪತ್ತಾರಜ್ಜನಿಗೆ ಕೊಟ್ಟು ಬರಲು ಹೋದವಳು ನಾನೇ.

ಅಜ್ಜ ಒರೆಗಲ್ಲಿಗೆ ತಿಕ್ಕಿ ನೋಡಿದರು. "ಇದು ಬೆಳ್ಳಿ ಐತೆವ್ವಾ. ಮ್ಯಾಲೆ ಬಂಗಾರದ ನೀರು ಕೊಟ್ಟಾರ, ಅಷ್ಟ. ಮನ್ಯಾಗ ಹೇಳು."

ಆಮೇಲೆ ತಳದಲ್ಲಿದ್ದ ಗುರುತನ್ನು ನನ್ನಿಂದ ಓದಿಸಿದರು. ಎರಡು ಇಂಗ್ಲಿಷ್ ಅಕ್ಷರ, ಮೇಲೊಂದು ಕಿರೀಟ, ಪಕ್ಕದಲ್ಲಿ ಪುಟ್ಟ ಹೂವು. ಮಸಿ ಹಚ್ಚಿ ಕಾಗದದ ಮೇಲೆ ಒತ್ತಿ ನನಗೆ ಕೊಟ್ಟರು. "ಮಾಡಿದವನ ಗುರುತು ಇದು. ಇಂಥಾ ಕೆಲಸ ನನ್ನ ಕೈಲೆ ಕರಗಿಸಾಕ ಆಗಂಗಿಲ್ಲ. ಹಂಗ ಇಟ್ಕೊಳ್ರಿ ಅಂತ ನಿಮ್ಮಪ್ಪಗ ಹೇಳಿ ನೋಡು."

ನಾನು ಹೇಳಲಿಲ್ಲ. ಬಳೆ ಇಲ್ಲವೆಂದರೆ ಮದುವೆ ಮುರಿದೀತೆಂಬ ಹೆದರಿಕೆ. ಅಜ್ಜನಿಗೆ ಪುರುಸೊತ್ತಿಲ್ಲವಂತೆ ಎಂದಷ್ಟೇ ಹೇಳಿದೆ. ತಿಂಗಳು ಕಳೆಯಿತು. ಸಿಟ್ಟಿಗೆದ್ದ ದೊಡ್ಡಪ್ಪ, ಅಜ್ಜನ ಅಂಗಡಿಯಲ್ಲೇ ಇದ್ದ ಬಟ್ಟಲನ್ನು ನನ್ನ ಕೈಲೇ ವಾಪಸು ತರಿಸಿ, ಹರಪನಹಳ್ಳಿಗೆ ಒಯ್ದು ಕರಗಿಸಿದರು. ಉಳಿದದ್ದು ಬಿಳಿ ಗಟ್ಟಿ.

ಬಸ್ಸಿಳಿದ ದೊಡ್ಡಪ್ಪ ನೆಟ್ಟಗೆ ಅಜ್ಜನ ಅಂಗಡಿಗೆ ನಡೆದರು. ಅಪ್ಪ ಹಿಂದೆ, ನಾನು ಅವರ ಹಿಂದೆ.

"ತಿಂಗಳಗಟ್ಲೆ ಇಟ್ಕೊಂಡು ಬಂಗಾರ ಎಲ್ಲಾ ಕೆರಕೊಂಡಿಯೇನಲೇ ಮುದುಕಾ?"

"ಮೊದಲನೇ ದಿನಾನ ಹೇಳೀನ್ರಿ," ಎಂದರು ಅಜ್ಜ. "ನಿಮ್ಮ ಹುಡುಗೀನ್ನ ಕೇಳ್ರಿ."

ಅಪ್ಪ ತಿರುಗಿ ನನ್ನನ್ನು ನೋಡಿದರು. ಓಣಿಯ ಜನ ಸೇರಿದ್ದರು.

"ನನಗೇನೂ ಹೇಳಿಲ್ಲ," ಎಂದೆ.

ಅಜ್ಜ ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಆಮೇಲೆ ಯಾರೂ ಅವರ ಕೈಗೆ ಒಡವೆ ಕೊಡಲಿಲ್ಲ. ವರ್ಷದೊಳಗೆ ಅಂಗಡಿ ಮುಚ್ಚಿ ಹಡಗಲಿ ಕಡೆಯ ಮಾಗಳದಲ್ಲಿದ್ದ ಮಗಳ ಮನೆ ಸೇರಿದರು. ನನ್ನ ಮದುವೆಯೇನೋ ಆಯಿತು, ಬಳೆ ಇಲ್ಲದೆಯೇ. ಗಂಡಿನ ಕಡೆಯವರು ಕೇಳಲೂ ಇಲ್ಲ.

ಮುಂದೆ ನಾನು ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದಾಗ, ಅಜ್ಜ ಗುರುತು ಒತ್ತಿಕೊಟ್ಟಿದ್ದ ಆ ಕಾಗದ ನೋಡಿದ ಅಲ್ಲಿನ ಇತಿಹಾಸದ ಮೇಷ್ಟ್ರು ಎಲ್ಲೆಲ್ಲಿಂದಲೋ ಪುಸ್ತಕ ತರಿಸಿ ಹುಡುಕಿದರು. ಬಟ್ಟಲು ಲಂಡನ್ನಿನಲ್ಲಿ ಆದದ್ದು, ಮಾಡಿದವನು ಫ್ರಾನ್ಸಿನ ಮೂಲದವನು. ಅವನ ಜನ ಹ್ಯೂಗೆನಾಟರೆಂಬ ಕ್ರೈಸ್ತ ಪಂಗಡದವರು; ತಮ್ಮ ಮತವನ್ನು ಫ್ರಾನ್ಸಿನ ರಾಜ ನಡೆಯಗೊಡದಿದ್ದಾಗ ಮನೆಮಾರು ಬಿಟ್ಟು ಓಡಿಬಂದವರಂತೆ. ಅಜ್ಜನಿಗೆ ಇದನ್ನು ಹೇಳಬೇಕೆನ್ನಿಸಿತು. ಅವರೂ ಊರು ಕಳೆದುಕೊಂಡವರೇ. ಆಗಿನ್ನೂ ಅವರು ಬದುಕಿದ್ದರು. ಮಾಗಳ ದೂರವೂ ಅಲ್ಲ. ಯಾವ ಮುಖ ಹೊತ್ತು ಹೋಗಲಿ ಎನ್ನುತ್ತ ದಿನ ದೂಡಿದೆ... ಆಮೇಲೆ ಅವರು ಹೋದ ಸುದ್ದಿ ಬಂತು.

ಹೋದ ವಾರ ಆ ಅಂಗಡಿಯಿಂದ ಎದ್ದವಳು ಮನೆಗೆ ಹೋಗದೆ ಹಡಗಲಿ ಬಸ್ಸು ಹತ್ತಿದೆ. ಮಾಗಳದಲ್ಲಿ ಅಜ್ಜನ ಮಗಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕೊನೆಯವರೆಗೂ ಕೇಳಿದರು.

"ಹುಡುಗಿ ಅಂಜಿದ್ಳು ಅಂತಿದ್ದ ಅಪ್ಪ. ನಿಮ್ಮನ್ನ ಬೈಯಲಿಲ್ಲ," ಎಂದರು. ಹಿಂಡಿದ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. "ಆದ್ರ ಅವ ಇದ್ದಾಗ ಬರಬೇಕಿತ್ತವ್ವಾ."

ಚಹಾ ಕೊಟ್ಟರು. ಕುಡಿದು ಎದ್ದುಬಂದೆ.