ಕಡಲಿನೊಂದಿಗೆ ಜಗಳವಾಡದ ಟೀಚರ್

ಟಾರ್ನೀಟ್ ಎಂಬ ಉಪನಗರದ ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಉಡುಪಿಯವರು ಅವರು. ಸ್ಟಾಫ್‌ರೂಮಿನ ಪ್ರಿಂಟರ್ ಕೆಟ್ಟು ನಾನು ಸಿಡುಕಿದಾಗಲೆಲ್ಲ, “ಜಗಳ ಬೇಡ ಮಾರಾಯ್ರೆ” ಎನ್ನುತ್ತಿದ್ದರು.

ಈಸ್ಟರ್‌ನ ಲಾಂಗ್ ವೀಕೆಂಡಿಗೆ ಎರಡೂ ಮನೆಯವರು ಸಿಡ್ನಿಗೆ ಹೋಗಿದ್ದೆವು. ಈಜುಕೊಳವನ್ನಷ್ಟೇ ಕಂಡಿದ್ದ ನಾನು ಅಲ್ಲಿನ ಬೀಚಿನಲ್ಲಿ ನೀರಿಗಿಳಿದಾಗ ಕಡಲಿನ ಸೆಳೆತ ಒಳಗೆಳೆಯಿತು. ದಡದತ್ತ ಕೈ ಬಡಿದಷ್ಟೂ ದಡ ದೂರವಾಗುತ್ತಿತ್ತು. ಅವರು ಚೂಡಿದಾರದಲ್ಲೇ ಈಜಿ ಬಂದರು. ಆ ಬಟ್ಟೆ ನೀಲಿಯೋ ಹಸಿರೋ, ಈಗ ನನ್ನ ನೆನಪನ್ನು ನಂಬಲಾರೆ. ಧ್ವನಿ ಮಾತ್ರ ಸ್ಟಾಫ್‌ರೂಮಿನದೇ.

“ಜಗಳ ಬೇಡ ಮಾರಾಯ್ರೆ. ದಡದ ಕಡೆ ಅಲ್ಲ, ಪಕ್ಕಕ್ಕೆ ಈಜಿ. ಅದೇ ಬಿಡ್ತದೆ.”

ಬಿಟ್ಟಿತು.

ಮರಳಿನ ಮೇಲೆ ಕೂತು ನಾನಿನ್ನೂ ಉಪ್ಪುನೀರು ಉಗುಳುತ್ತಿದ್ದೆ. ನನ್ನನ್ನು ನುಂಗಹೊರಟಿದ್ದ ಅದೇ ನೀರನ್ನು ಅವರು ಬಗ್ಗಿ ಮುಟ್ಟಿ, ಕಣ್ಣಿಗೊತ್ತಿಕೊಂಡು, “ಬನ್ನಿ, ತಂದ ಚಾ ಕುಡಿಯುವ, ತಣ್ಣಗಾಗ್ತದೆ” ಎಂದರು.