ಮಾದಪ್ಪನಿಗೆ ಮೀಸಲಾದ ತಲೆ

ಹನೂರಿನಿಂದ ಮಾದಪ್ಪನ ಬೆಟ್ಟದ ಬಸ್ಸು ಜಗ್ಗಿ ಹೊರಟಾಗ, ಮುಂದಿನ ಸೀಟಿನಿಂದ ದಪ್ಪ ಜಡೆಯೊಂದು ಹಾರಿ ನನ್ನ ಕೈಮೇಲೆ ಬಿತ್ತು. "ಎಷ್ಟು ಚೆನ್ನಾಗಿದೆಯಮ್ಮಾ ಕೂದಲು! ಯಾವ ಎಣ್ಣೆ ಹಚ್ತೀಯಾ?" ಎಂದು ಕೇಳಿಯೇಬಿಟ್ಟೆ. ತಿರುಗಿ ನೋಡಿದ್ದು ಚಿಗುರು ಮೀಸೆಯ ಹುಡುಗ!

ಪಕ್ಕದಲ್ಲಿದ್ದ ಅವನ ಅಜ್ಜಿ ಎಲೆಅಡಿಕೆ ಬಾಯಲ್ಲೇ ನಕ್ಕರು. "ಅಳ್ಳೆಣ್ಣೆ ಕಣವ್ವ. ಮುಡಿ ಕೊಡಕೆ ಓಯ್ತಾ ಇವಿ. ಮೂರ್ ವರ್ಸದ ಹಿಂದೆ ಇವ ಬದುಕೇ ಬ್ಯಾಡ ಅಂತ ಮೂಲೆ ಸೇರ್ಬುಟ್ಟಿದ್ದ. ಡಾಕ್ಟ್ರ ತಕ್ಕೂ ಕರ್ಕಂಡೋದೆ, ಹರಕೆನೂ ಕಟ್ಕಂಡೆ. ಮುಡಿ ಕೊಡಗಂಟ ಈ ತಲೆ ಮಾದಪ್ಪುಂದು ಕಣ್ಲಾ, ನಿಂದಲ್ಲ, ಜ್ವಾಪಾನವಾಗಿ ಮಡಿಕ್ಕೊ ಅಂದೆ."

ಹುಡುಗ ನಾಚಿಕೊಂಡ. "ದಿನಾ ಅಜ್ಜಿ ಎಣ್ಣೆ ತಿಕ್ತಾ ಕೂತ್ಕತಿತ್ತು ಅಕ್ಕ, ಮಾತಾಡ್ದೆ ಇರಕ್ಕಾಯ್ತದಾ?" ಎಂದ.

ನನಗೋ ಒಳಗೊಳಗೇ ಅಳುಕು. ಇವತ್ತು ಮುಡಿ ಕೊಟ್ಟರೆ ಹರಕೆ ತೀರಿತು, ಆಮೇಲೆ? "ನಾಳೆಯಿಂದ ಈ ತಲೆ ಯಾರದ್ದಜ್ಜೀ?" ಎಂದು ಮೆಲ್ಲಗೆ ಕೇಳಿದೆ.

"ಗಡ್ಡಕ್ಕೂ ಹರಕೆ ಕಟ್ಕಂಡಿವ್ನಿ ಬುಡವ್ವ. ಅದು ಬರ್ಲಿ ಅಂತ ಕಾಯ್ತಾ ಇವ್ನಿ!"

ಹುಡುಗನ ಗಲ್ಲದಲ್ಲಿ ಇನ್ನೂ ಒಂದೆಳೆಯೂ ಮೂಡಿರಲಿಲ್ಲ. ಗಲ್ಲ ಸವರಿಕೊಂಡು ಅವನೂ ನಕ್ಕ.

ಮನೆಗೆ ಬಂದವಳೇ, ಕೋಣೆಯಲ್ಲಿ ಒಬ್ಬನೇ ಮೊಬೈಲು ಹಿಡಿದು ಕೂತಿದ್ದ ಮಗನ ಹಿಂದೆ ಎಣ್ಣೆ ಬಟ್ಟಲು ಇಟ್ಟುಕೊಂಡು ಕುಳಿತೆ. "ಏನಮ್ಮಾ ಇದು ಹೊಸದು? ನಾನೇನು ಮಗುವಾ?" ಎಂದು ಗೊಣಗಿದ. ಗೊಣಗುತ್ತಲೇ ತಲೆ ಬಗ್ಗಿಸಿದ.